ಮಳೆಗಾಲದ ಕರೆಂಟು, ಬೇಸಿಗೆಯ ನೀರು: ಕೊಡಗಿನ ತೋಟಕ್ಕೆ ಹೊಂದುವ ಹೊಸ ಯಂತ್ರಗಳು

ಸೋಲಾರ್ ಪಂಪು ಮಾರುವವರು ಕೊಡುವ ಹಾಳೆಯಲ್ಲಿ ವರ್ಷಕ್ಕೆ ಇಷ್ಟು ಯೂನಿಟ್ ಎಂದು ದೊಡ್ಡದಾಗಿ ಬರೆದಿರುತ್ತದೆ. ಕೊಡಗಿನ ಕಾಫಿ ತೋಟಕ್ಕೆ ಆ ಒಂದು ಸಂಖ್ಯೆ ಸಾಲದು. ನೀರು ಹಾಯಿಸುವ ರೊಬಸ್ಟಾ ತೋಟದಲ್ಲಿ ಶಕ್ತಿಗೆ ದೊಡ್ಡ ಬೇಡಿಕೆ ಬರುವುದು ಫೆಬ್ರುವರಿ–ಮಾರ್ಚ್‌ನ ಕೆಲವೇ ವಾರಗಳಲ್ಲಿ, ಹೂವಿನ ನೀರು ಕೊಡುವಾಗ. ಜೂನ್‌ನಿಂದಾಚೆಗೆ ಮೋಡ ಕವಿದು ಪ್ಯಾನಲ್ಲು ಮಂಕಾಗುತ್ತದೆ, ಮರ ಬಿದ್ದು ಲೈನು ಹೋಗುತ್ತದೆ. ಅದೇ ಹೊತ್ತಿಗೆ ತೋಟದ ತೋಡುಗಳು ತುಂಬಿ ಹರಿಯುತ್ತಿರುತ್ತವೆ. ಯಾವ ತಿಂಗಳಲ್ಲಿ ಯಾವ ಶಕ್ತಿ ಕೈಗೆ ಸಿಗುತ್ತದೆ, ಯಾವ ಕೆಲಸಕ್ಕೆ ಬೇಕು ಎಂದು ಮೊದಲು ನೋಡಬೇಕು. ಯಂತ್ರದ ಆಯ್ಕೆ ಆಮೇಲಿನದು.

ಹೂವಿನ ನೀರಿನಿಂದಲೇ ಶುರು ಮಾಡೋಣ. ಒಂದು ಎಕರೆಗೆ ಒಂದು ಇಂಚು ನೀರೆಂದರೆ 1.03 ಲಕ್ಷ ಲೀಟರ್. ರೊಬಸ್ಟಾದ ಮೊಗ್ಗು ಅರಳಲು ಒಂದರಿಂದ ಒಂದೂವರೆ ಇಂಚು ಬೇಕು. ಹದಿನೈದು–ಇಪ್ಪತ್ತು ದಿನ ಬಿಟ್ಟು, ಹೂವು ಕಾಯಿಕಟ್ಟಲು ಕೊಡುವ ಬ್ಯಾಕಿಂಗ್ ನೀರು ಬೇರೆ. ಕೆರೆಯಿಂದ ತೋಟದ ಮೇಲ್ಭಾಗಕ್ಕೆ 30 ಮೀಟರ್ ಏರು ಇದೆ ಎನ್ನಿ. ಸ್ಪ್ರಿಂಕ್ಲರ್ ಜೆಟ್ ಸರಿಯಾಗಿ ಚಿಮ್ಮಲು (ಚದರ ಸೆಂಟಿಮೀಟರಿಗೆ) 3 ಕೆ.ಜಿ. ಒತ್ತಡ ಬೇಕು, ಅದು ಇನ್ನೊಂದು 30 ಮೀಟರ್ ಏರಿಗೆ ಸಮ. ಪೈಪಿನೊಳಗಿನ ಘರ್ಷಣೆಗೆ 10 ಮೀಟರ್ ಸೇರಿಸಿದರೆ ಒಟ್ಟು 70. ಪಂಪಿನ ದಕ್ಷತೆ ಶೇ 60, ಮೋಟಾರಿನದು ಶೇ 85 ಎಂದುಕೊಂಡರೆ ಎಕರೆಗೆ ಒಂದು ಇಂಚು ನೀರು ಕೊಡಲು 38 ಯೂನಿಟ್ ತಗಲುತ್ತದೆ. ಡೀಸೆಲ್ ಎಂಜಿನ್ನಾದರೆ ಹನ್ನೆರಡು ಲೀಟರಿನ ಆಸುಪಾಸು. ಒಂದೂವರೆ ಇಂಚಿಗೆ 57 ಯೂನಿಟ್, ಇಲ್ಲವೇ 18 ಲೀಟರ್ ಡೀಸೆಲ್.

5 ಎಚ್‌ಪಿ ಸೋಲಾರ್ ಪಂಪಿಗೆ ಸಾಮಾನ್ಯವಾಗಿ 4.8 ಕಿಲೋವ್ಯಾಟ್ ಪ್ಯಾನಲ್ ಕೊಡುತ್ತಾರೆ. ಫೆಬ್ರುವರಿಯ ಚೊಕ್ಕ ಬಿಸಿಲಲ್ಲಿ ಅದರಿಂದ ದಿನಕ್ಕೆ 20 ಯೂನಿಟ್ ಬಂದೀತು. ಅಂದರೆ ಒಂದು ಎಕರೆಗೆ ಹೆಚ್ಚುಕಡಿಮೆ ಮೂರು ದಿನ. ನಿಧಾನವಾದರೂ ಪರವಾಗಿಲ್ಲ ಎಂದು ನೇರವಾಗಿ ಜೆಟ್ಟಿಗೆ ಜೋಡಿಸಿದರೆ ಇನ್ನೊಂದು ತೊಂದರೆ ಕಾದಿದೆ. ಮೋಡ ಬಂದು ಪಂಪಿನ ವೇಗ ಶೇ 20 ಇಳಿದರೆ ಒತ್ತಡ ಶೇ 36 ಇಳಿಯುತ್ತದೆ, ಏಕೆಂದರೆ ಒತ್ತಡ ವೇಗದ ವರ್ಗಕ್ಕೆ ಅನುಗುಣ. ಜೆಟ್ ಚಿಮ್ಮುವ ದೂರ ಕುಗ್ಗಿ ನೀರು ಕಂಬದ ಬುಡದಲ್ಲೇ ಬೀಳುತ್ತದೆ. ಎರಡು ಜೆಟ್‌ಗಳ ನಡುವಿನ ಗಿಡಗಳಿಗೆ ಅರೆಬರೆ ತೇವ. ಆ ಗಿಡಗಳ ಮೊಗ್ಗು ಅರ್ಧ ಉಬ್ಬಿ ನಿಲ್ಲುತ್ತದೆ, ಸರಿಯಾಗಿ ಅರಳುವುದಿಲ್ಲ. ಹೂವಿಗೆ ನೀರು ಕಡಿಮೆ ಕೊಡುವುದು ಕೊಡದೇ ಇರುವುದಕ್ಕಿಂತ ಕೆಟ್ಟದ್ದು.

ಹಾಗಾಗಿ ಬಿಸಿಲನ್ನು ಬ್ಯಾಟರಿಯಲ್ಲಿ ತುಂಬಿಡುವ ಬದಲು ಎತ್ತರದಲ್ಲಿ ಹೊಂಡ ತೋಡಿ ನೀರಾಗಿ ತುಂಬಿಡುವುದು ಇಲ್ಲಿನ ನೆಲಕ್ಕೆ ಒಪ್ಪುವ ದಾರಿ. 3 ಎಚ್‌ಪಿಯ ಸೋಲಾರ್ ಪಂಪು 50 ಮೀಟರ್ ಏರಿಗೆ ಒಳ್ಳೆಯ ಬಿಸಿಲಲ್ಲಿ ದಿನಕ್ಕೆ 50 ಸಾವಿರ ಲೀಟರ್ ಎತ್ತಬಲ್ಲದು. ಡಿಸೆಂಬರ್ ಕೊನೆಯಿಂದ ಓಡಿಸಿದರೆ ಮೂವತ್ತು ಬಿಸಿಲ ದಿನಗಳಲ್ಲಿ 15 ಲಕ್ಷ ಲೀಟರ್. ಹತ್ತು ಎಕರೆಗೆ ಒಂದೂವರೆ ಇಂಚಿನಂತೆ ಒಂದು ಸುತ್ತಿಗೆ ಅಷ್ಟು ನೀರು ಸಾಕು. ಮೋಡ ಬಂದರೆ ಹೊಂಡ ತುಂಬುವುದು ತಡವಾಗುತ್ತದೆ ಅಷ್ಟೇ, ಹೂವಿಗೆ ಪೆಟ್ಟಿಲ್ಲ. ಹೊಂಡಕ್ಕಿಂತ 30 ಮೀಟರ್ ಕೆಳಗಿನ ಪಟ್ಟಿಗೆ ಗುರುತ್ವದಿಂದಲೇ 3 ಕೆ.ಜಿ. ಒತ್ತಡ ಸಿಗುತ್ತದೆ, ಪೈಪು ಅಗಲವಾಗಿದ್ದರೆ ರಾತ್ರಿಯೂ ಜೆಟ್ ಓಡಿಸಬಹುದು. ಹೊಂಡದ ಹತ್ತಿರದ ಪಟ್ಟಿಗೆ ಮಾತ್ರ ಸಣ್ಣ ಬೂಸ್ಟರ್ ಪಂಪು ಬೇಕು. 800 ಚದರ ಮೀಟರ್ ಹರವಿನ ಹೊಂಡದಿಂದ ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ಆವಿಯಾದರೆ 4,000 ಲೀಟರ್ ನಷ್ಟ, ಎರಡು ತಿಂಗಳಿಗೆ 2.4 ಲಕ್ಷ. ಆದ್ದರಿಂದ ಅಗಲಕ್ಕಿಂತ ಆಳ ಮೇಲು.

ಆದರೆ ಹೊಂಡ ಎಲ್ಲಿ ತೋಡಬಾರದು ಎಂಬುದು ಎಲ್ಲಿ ತೋಡಬೇಕು ಎಂಬುದಕ್ಕಿಂತ ಮುಖ್ಯ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮದೆನಾಡಿನ ಕಡೆ ಗುಡ್ಡಗಳು ಜಾರಿದ್ದನ್ನೂ 2020ರಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ ಕುಸಿದದ್ದನ್ನೂ ಕೊಡಗು ಮರೆಯಲಾರದು. ಕಡಿದಾದ ಇಳಿಜಾರಿನ ನೆತ್ತಿಯಲ್ಲಿ ಹೊಂಡ ತೋಡಿ, ಹೊದಿಸಿದ ಪ್ಲಾಸ್ಟಿಕ್ ಹಾಳೆ ಎಲ್ಲೋ ಹರಿದರೆ, ನೀರು ಮಣ್ಣಿನೊಳಗೆ ಇಳಿದು ಕೆಳಗಿನ ಗುಡ್ಡವನ್ನು ಸಡಿಲಿಸುತ್ತದೆ. ಕಡಿದಾದ ಜಾಗದಲ್ಲಿ ಈ ಉಪಾಯವೇ ಬೇಡ. ಅಮ್ಮತ್ತಿ, ಸಿದ್ದಾಪುರದ ಕಡೆಯ ಹಾಗೆ ನೆಲ ಹೆಚ್ಚು ಏರಿಳಿತವಿಲ್ಲದೆ ಇರುವಲ್ಲಿ ಸೋಲಾರ್ ಮತ್ತು ಲೈನ್ ಕರೆಂಟು ಎರಡನ್ನೂ ತೆಗೆದುಕೊಳ್ಳುವ ಹೈಬ್ರಿಡ್ ಡ್ರೈವ್ ಹಾಕುವುದು ಲೇಸು: ಮೋಡ ಬಂದಾಗ ಕೊರತೆಯನ್ನು ಲೈನು ತುಂಬಿಕೊಡುತ್ತದೆ, ವೋಲ್ಟೇಜ್ ಇಳಿದಾಗ ಮೋಟಾರಿನ ಸುತ್ತು ಸುಡದಂತೆ ಡ್ರೈವ್ ಕಾಯುತ್ತದೆ. ಪ್ಯಾನಲ್ಲಿಗೆ ಜಾಗ ಕಣದ ಅಂಚು ಅಥವಾ ಗೋದಾಮಿನ ಮಾಡು. ಸಿಲ್ವರ್ ಓಕ್‌ನ ಒಂದು ರೆಂಬೆಯ ನೆರಳು ಮೂಲೆಯೊಂದಕ್ಕೆ ಬಿದ್ದರೂ ಆ ಸಾಲಿನ ಉತ್ಪಾದನೆ ಇಳಿಯುತ್ತದೆ. ಮಳೆಗಾಲದಲ್ಲಿ ಚೌಕಟ್ಟಿನ ಕೆಳಅಂಚಿಗೆ ಪಾಚಿ ಹಿಡಿಯುತ್ತದೆ. ಅಕ್ಟೋಬರ್‌ನಲ್ಲಿ ಮೆತ್ತನೆ ಬಟ್ಟೆಯಿಂದ ಉಜ್ಜಿ ತೆಗೆಯಬೇಕು.

ಕಾಫಿ ಒಣಗಿಸಲು ಪ್ಯಾನಲ್ ಹಾಕುವ ಯೋಚನೆಯನ್ನು ಬಿಡುವುದೇ ಒಳ್ಳೆಯದು. ಒಂದು ಟನ್ ಹಸಿ ಹಣ್ಣನ್ನು ಶೇ 65ರ ತೇವದಿಂದ ಶೇ 11ಕ್ಕೆ ಇಳಿಸಲು 600 ಕೆ.ಜಿ. ನೀರು ಆವಿಯಾಗಬೇಕು, ಅದಕ್ಕೆ ಕನಿಷ್ಠ 400 ಯೂನಿಟ್ ಶಾಖ. ನೂರು ಚದರ ಮೀಟರ್ ಕಣದ ಮೇಲೆ ಒಂದು ಬಿಸಿಲ ದಿನದಲ್ಲಿ ಬೀಳುವ ಶಾಖ ಅದಕ್ಕಿಂತ ಹೆಚ್ಚು, ಪುಕ್ಕಟೆಯಾಗಿ. ಕರೆಂಟಿನಿಂದ ಪ್ರಯೋಜನವಾಗುವುದು ಪಾಲಿಥಿನ್ ಹೊದಿಸಿದ ಒಣಮನೆಯ ಫ್ಯಾನಿಗೆ: ಒಳಗಿನ ಒದ್ದೆ ಗಾಳಿಯನ್ನು ಹೊರಗೆ ತಳ್ಳದಿದ್ದರೆ ಅಕಾಲ ಮಳೆಯ ದಿನ ಬೀಜಕ್ಕೆ ಬೂಷ್ಟು ಹಿಡಿಯುತ್ತದೆ.

ಈಗ ಮಳೆಗಾಲಕ್ಕೆ ಬರೋಣ. ಸೆಕೆಂಡಿಗೆ 10 ಲೀಟರ್ ನೀರು 20 ಮೀಟರ್ ಬಿದ್ದರೆ, ಒಟ್ಟು ದಕ್ಷತೆ ಶೇ 50 ಎಂದು ಹಿಡಿದರೂ ಒಂದು ಕಿಲೋವ್ಯಾಟ್ ಕರೆಂಟು ಸಿಗುತ್ತದೆ. ಸಣ್ಣ ಸಂಖ್ಯೆಯಂತೆ ಕಂಡರೂ ಇದು ಹಗಲು ರಾತ್ರಿ ಬರುವ ಕರೆಂಟು: ದಿನಕ್ಕೆ 24 ಯೂನಿಟ್. ಮಲೆನಾಡಿನ ಎಷ್ಟೋ ಒಂಟಿ ಮನೆಗಳನ್ನು ಬೆಳಗಿಸಿದ್ದು ಇಂಥ ಕಿರು ಟರ್ಬೈನುಗಳೇ.

ನೀರಿನ ಅಳತೆ ಸುಲಭ. ತೋಡಿಗೆ ಮಣ್ಣಿನ ಕಟ್ಟೆ ಕಟ್ಟಿ ಎಲ್ಲ ನೀರನ್ನೂ ಒಂದು ಪೈಪಿಗೆ ತಿರುಗಿಸಿ 200 ಲೀಟರಿನ ಡ್ರಮ್ ಇಡಿ. 20 ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 10 ಲೀಟರ್. ಈ ಅಳತೆಯನ್ನು ಜುಲೈನಲ್ಲಿ ಮಾಡಿದರೆ ಮೋಸಹೋಗುತ್ತೀರಿ. ನವೆಂಬರ್‌ನಲ್ಲಿ ಅಳೆದು, ಬಂದ ನೀರಿನಲ್ಲೂ ಒಂದು ಪಾಲನ್ನು ತೋಡಿಗೇ ಬಿಟ್ಟು ಲೆಕ್ಕ ಹಾಕಿ. ಎತ್ತರ ಅಳೆಯಲು ಉದ್ದದ ಹೋಸ್ ಪೈಪಿನಲ್ಲಿ ನೀರು ತುಂಬಿ ಕೆಳತುದಿಗೆ ಒತ್ತಡದ ಮೀಟರ್ ಸಿಕ್ಕಿಸಿ: 2 ಕೆ.ಜಿ. ತೋರಿಸಿದರೆ 20 ಮೀಟರ್.

ಹೆಚ್ಚಿನವರು ಎಡವುವುದು ಪೈಪಿನಲ್ಲಿ. ಒಳವ್ಯಾಸ 4 ಇಂಚಿದ್ದರೆ ಇಷ್ಟು ನೀರಿಗೆ 100 ಮೀಟರ್ ಉದ್ದದಲ್ಲಿ ಒಂದೂವರೆ ಮೀಟರ್ ಎತ್ತರ ಮಾತ್ರ ಘರ್ಷಣೆಗೆ ಹೋಗುತ್ತದೆ. ದುಡ್ಡು ಉಳಿಸಲು 3 ಇಂಚಿನದ್ದು ಹಾಕಿದರೆ ಆ ನಷ್ಟ 6 ಮೀಟರ್ ಆಗುತ್ತದೆ. ಅಂದರೆ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಕರೆಂಟು ಪೈಪಿನಲ್ಲೇ ಹೋಯಿತು, ಪ್ರತಿ ವರ್ಷವೂ.

ಎರಡನೆಯ ತೊಂದರೆ ತರಗೆಲೆ. ನೀರು ಪೈಪಿಗೆ ಇಳಿಯುವ ಮುನ್ನ ಒಂದು ಸಣ್ಣ ತೊಟ್ಟಿ ಬೇಕು, ಅಲ್ಲಿ ಮರಳು ತಂಗಬೇಕು, ಬಾಯಿಗೆ ಓರೆಯಾಗಿ ನಿಲ್ಲಿಸಿದ ಸ್ಟೀಲಿನ ಜಾಲರಿ ಇರಬೇಕು. ಮರಳು ಒಳಹೊಕ್ಕರೆ ಟರ್ಬೈನಿನ ಬಟ್ಟಲುಗಳ ಅಂಚು ಸವೆಯುತ್ತದೆ. ಎಲೆ ಹೊಕ್ಕರೆ ನಾಜಲ್ ಕಟ್ಟಿಕೊಂಡು ವೋಲ್ಟೇಜ್ ತೂಗಾಡುತ್ತದೆ. ಮೂರನೆಯದು ಲೋಡು. ಮನೆಯವರು ದೀಪ ಆರಿಸಿದೊಡನೆ ಭಾರ ತಪ್ಪಿದ ಟರ್ಬೈನು ಅತಿವೇಗಕ್ಕೆ ಹೋಗಿ ವೋಲ್ಟೇಜ್ ಏರುತ್ತದೆ. ಅದಕ್ಕೇ ಎಲೆಕ್ಟ್ರಾನಿಕ್ ಲೋಡ್ ಕಂಟ್ರೋಲರ್: ಬಳಸದೆ ಉಳಿದ ಕರೆಂಟನ್ನು ಅದು ಕ್ಷಣಾರ್ಧದಲ್ಲಿ ನೀರು ಕಾಯಿಸುವ ಕಾಯಿಲ್‌ಗೆ ತಿರುಗಿಸುತ್ತದೆ. ಆ ಕಾಯಿಲ್ಲನ್ನು ತೋಟದ ಕಾರ್ಮಿಕರು ವಾಸಿಸುವ ಲೈನ್‌ ಮನೆಗಳ ಸ್ನಾನದ ಹಂಡೆಗೆ ಹಾಕಿದರೆ ಜುಲೈ ಚಳಿಯಲ್ಲಿ ಸೌದೆಯ ಹೊಗೆ ತಪ್ಪುತ್ತದೆ. ಈ ಕರೆಂಟಿನಲ್ಲಿ ಮೊದಲ ಪಾಲು ಲೈನ್‌ ಮನೆಗಳಿಗೇ ಸಲ್ಲಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಇನ್ನೊಂದು ಮಾತು: ಲೈನ್ ಕರೆಂಟು, ಟರ್ಬೈನಿನ ಕರೆಂಟು ಎರಡರಲ್ಲಿ ಒಂದನ್ನು ಮಾತ್ರ ಜೋಡಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಇದನ್ನು ಮನೆಯ ವೈರಿಂಗಿಗೆ ಸೇರಿಸಲೇಬಾರದು. ಸೇರಿಸಿದರೆ ಟರ್ಬೈನಿನ ಕರೆಂಟು ಹೊರಗಿನ ತಂತಿಗೂ ಹರಿಯುತ್ತದೆ. ಲೈನ್ ಹೋಗಿದೆ ಎಂದು ಕಂಬ ಹತ್ತಿದ, ವಿದ್ಯುತ್ ಕಂಪನಿ ಚೆಸ್ಕಾಂನ ಲೈನ್‌ಮನ್‌ನ ಜೀವ ಆ ಸ್ವಿಚ್ಚಿನಲ್ಲಿದೆ.

ಕೆಲಸದ ರೀತಿ ಬದಲಾಗುವುದೂ ಇಲ್ಲಿಂದಲೇ. ಮಳೆಗಾಲ ಕಳೆ ಕೊಚ್ಚುವ ಕಾಲ. ಬ್ಯಾಟರಿಯ ಕಳೆ ಯಂತ್ರಕ್ಕೆ ದಟ್ಟ ಹುಲ್ಲಿನಲ್ಲಿ ಗಂಟೆಗೆ ಹೆಚ್ಚುಕಡಿಮೆ ಒಂದು ಯೂನಿಟ್ ಬೇಕು. ತೋಡಿನ 24 ಯೂನಿಟ್‌ನಲ್ಲಿ ಮನೆಗಳ ಖರ್ಚು ಕಳೆದು ರಾತ್ರಿ ಆರು ಬ್ಯಾಟರಿ ಚಾರ್ಜ್ ಆಗುತ್ತದೆ, ಬೆಳಗ್ಗೆ ಕೆಲಸಕ್ಕೆ ಸಿದ್ಧ. ಪೆಟ್ರೋಲ್ ಯಂತ್ರದ ಹೊಗೆ, ಕಿವಿಗಡಚಿಕ್ಕುವ ಸದ್ದು, ಕೈ ಜೋಮು ಹಿಡಿಸುವ ನಡುಕ ಎಲ್ಲವೂ ಕಡಿಮೆ. ಬ್ಯಾಟರಿ ಕತ್ತರಿಯಲ್ಲಿ ಬೆರಳಿನ ಒಂದು ಒತ್ತಿಗೆ ಹೆಬ್ಬೆರಳು ದಪ್ಪದ ರೆಕ್ಕೆ (ಕಾಫಿ ಗಿಡದ ಕೊಂಬೆ) ತುಂಡಾಗುವುದರಿಂದ, ತೋಳಿನ ಬಲ ಬೇಡುತ್ತಿದ್ದ ಗಿಡ ಕಸಿಯನ್ನು, ಅಂದರೆ ಕೊಂಬೆ ಸವರುವ ಕೆಲಸವನ್ನು, ಹೆಂಗಸರೂ ವಯಸ್ಸಾದವರೂ ಮಾಡಬಹುದು. ಅದೇ ಕತ್ತರಿ ಬೆರಳನ್ನೂ ಅಷ್ಟೇ ಸಲೀಸಾಗಿ ಕತ್ತರಿಸುತ್ತದೆ. ಬೆರಳು ತಾಗಿದರೆ ನಿಲ್ಲುವ ವ್ಯವಸ್ಥೆ ಇರುವುದನ್ನೇ ಕೊಳ್ಳಬೇಕು. ಹಣ್ಣು ಕೀಳುವ ದೊಡ್ಡ ಯಂತ್ರ ಮಾತ್ರ ಸದ್ಯಕ್ಕೆ ಇಲ್ಲಿ ಓಡದು: ನೆರಳಿನ ಮರ, ಇಳಿಜಾರು, ಒಂದೇ ರೆಕ್ಕೆಯಲ್ಲಿ ಹಸಿರು ಕಾಯಿಯೂ ಕೆಂಪು ಹಣ್ಣೂ. ಕೊಯ್ಲಿಗೆ ಜನವೇ ಬೇಕು, ಆ ಜನಕ್ಕೆ ಒಳ್ಳೆಯ ಕೂಲಿಯೂ ಬೇಕು.

ಹೊಸ ಸಾಧನಗಳಲ್ಲಿ ಮೊದಲು ಕೊಳ್ಳಬೇಕಾದ್ದಕ್ಕೆ ಬ್ಯಾಟರಿಯೂ ಇಲ್ಲ, ಪರದೆಯೂ ಇಲ್ಲ. ಅದು ಫೈಬರ್ ಏಣಿ. ಕಾಳುಮೆಣಸು ಕೊಯ್ಯುವಾಗ, ಮರ ಕಪಾತು ಮಾಡುವಾಗ ಉದ್ದದ ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ಕಾರ್ಮಿಕರು ಸತ್ತ ಸುದ್ದಿ ಕೊಡಗಿನಲ್ಲಿ ಮತ್ತೆ ಮತ್ತೆ ಬರುತ್ತದೆ. ಏಣಿಯನ್ನು ನಿಲ್ಲಿಸಿಕೊಂಡೇ ಒಂದು ಮರದಿಂದ ಇನ್ನೊಂದಕ್ಕೆ ಹೊತ್ತು ನಡೆಯುವಾಗ, ಕಣ್ಣು ಬಳ್ಳಿಯ ಮೇಲಿರುತ್ತದೆ, ತಂತಿ ಎಲೆಯ ಮರೆಯಲ್ಲಿರುತ್ತದೆ. ಫೈಬರ್ ಏಣಿ ಭಾರ, ಬೆಲೆಯೂ ಹೆಚ್ಚು. ಒದ್ದೆಯಾಗಿ ಕೊಳೆ ಹಿಡಿದರೆ ಅದರ ಮೈಮೇಲೂ ಕರೆಂಟು ಹರಿಯಬಹುದು, ಒರೆಸಿ ಒಣಗಿಸಿಡಬೇಕು. ಕೊಯ್ಲಿಗೆ ಮುಂಚೆ ರೈಟರ್ (ತೋಟದ ಕೆಲಸ ನೋಡಿಕೊಳ್ಳುವವನು) ತಂತಿಯ ಕೆಳಗೆ ಒಂದು ಸುತ್ತು ನಡೆದು, ಏಣಿ ವಾಲಿದರೆ ತಂತಿಗೆ ತಾಗಬಹುದಾದ ಪ್ರತಿ ಮರಕ್ಕೂ ಕೆಂಪು ಬಣ್ಣ ಬಳಿಯಲಿ. ಆ ಮರಗಳ ಮೆಣಸನ್ನು ಲೈನ್ ತೆಗೆಸಿದ ದಿನ ಮಾತ್ರ, ಲೈನ್‌ಮನ್ ಬಂದು ಹೇಳಿದ ಮೇಲೆಯೇ ಕೊಯ್ಯಬೇಕು.