ಸೆಂಡ್ ಬಫರ್ ತುಂಬಿಲ್ಲ, ಆದರೂ ಈಅಗೇನ್ ಯಾಕೆ?

ಪ್ರಶ್ನೆ: ನನ್ನ ಯುಡಿಪಿ ಸಾಕೆಟ್‌ಗೆ (ಪ್ರೋಗ್ರಾಂ ನೆಟ್‌ವರ್ಕ್‌ಗೆ ಮೆಸೇಜ್ ಕಳಿಸುವ ಬಾಗಿಲು) 64 ಕೆಬಿ ಸೆಂಡ್ ಬಫರ್ ಇಟ್ಟಿದ್ದೇನೆ. ಕಳಿಸುವುದು ನೂರು ನೂರು ಬೈಟಿನ ಮೆಸೇಜ್. 17 ಸಾವಿರ ಬೈಟ್ ಆಗುವಷ್ಟರಲ್ಲೇ ಈಅಗೇನ್ (‘ಈಗ ಆಗದು, ಆಮೇಲೆ ಮತ್ತೆ ಕಳಿಸಿ’ ಎಂಬ ಎರರ್) ಬರುತ್ತಿದೆ. ಇದು ಲಿನಕ್ಸ್ ಕರ್ನಲ್‌ನ ಬಗ್ ಅಲ್ವಾ?

ಅಲ್ಲ. ಜಯನಗರದ ನಮ್ಮ ಶನಿವಾರದ ಕ್ಲಾಸಿನಲ್ಲಿ ಪ್ರತಿ ಹೊಸ ಬ್ಯಾಚೂ ಇದನ್ನೇ ಕೇಳುತ್ತದೆ. ಬದಲಾಗುವುದು ಅಂಕಿ ಮಾತ್ರ. ಹೇಳಿ ಹೇಳಿ ಸಾಕಾಗಿದೆ, ಹಾಗಾಗಿ ಈ ಸಲ ಪೂರ್ತಿ ಬರೆದುಬಿಡುತ್ತೇನೆ.

ತೊಂದರೆ ಎಲ್ಲ ಒಂದೇ ನಂಬಿಕೆಯಿಂದ ಶುರುವಾಗುತ್ತದೆ: ‘ಸೆಂಡ್ ಬಫರ್ ಅಂದರೆ ನನ್ನ ಡೇಟಾ ತುಂಬುವ ಡಬ್ಬಿ. 64 ಕೆಬಿ ಡಬ್ಬಿಗೆ 64 ಕೆಬಿ ಡೇಟಾ ಹಿಡಿಯಲೇಬೇಕು.’ ಆ ಡಬ್ಬಿಯನ್ನು ಮೊದಲು ತಲೆಯಿಂದ ತೆಗೆಯಿರಿ. ಅಂಥದ್ದೊಂದು ಡಬ್ಬಿ ಕರ್ನಲ್‌ನಲ್ಲಿ ಎಲ್ಲೂ ಇಲ್ಲ. ಇರುವುದು ಎರಡು ಅಂಕಿ. ಒಂದು ಮಿತಿ, ಇನ್ನೊಂದು ಲೆಕ್ಕ. ಪ್ರತಿ ಪ್ಯಾಕೆಟ್‌ಗೂ ಬೇರೆ ಬೇರೆಯಾಗಿ ಮೆಮೊರಿ ಪಡೆಯುತ್ತಾರೆ, ಪಡೆದಷ್ಟನ್ನು ಲೆಕ್ಕಕ್ಕೆ ಸೇರಿಸುತ್ತಾರೆ. ಲೆಕ್ಕ ಮಿತಿ ಮುಟ್ಟಿತು ಅಂದರೆ ನಿಮ್ಮನ್ನು ನಿಲ್ಲಿಸುತ್ತಾರೆ, ಅಷ್ಟೇ.

ಆ ‘ಪಡೆದಷ್ಟು’ ಎಂಬುದಕ್ಕೆ ಟ್ರೂಸೈಜ್ ಅಂತ ಹೆಸರು. ಮಾಲ್‌ನ ಬೇಸ್‌ಮೆಂಟ್ ಪಾರ್ಕಿಂಗ್ ನೆನಪು ಮಾಡಿಕೊಳ್ಳಿ. ಒಬ್ಬರೇ ಕೂತ ಇನ್ನೋವಾ ಬಂದರೂ, ಏಳು ಜನ ಕೂತ ಇನ್ನೋವಾ ಬಂದರೂ ಹಿಡಿಯುವ ಜಾಗ ಒಂದೇ. ಗೇಟಿನಲ್ಲಿ ಎಣಿಸುವುದು ಗಾಡಿಯನ್ನು, ಒಳಗೆ ಕೂತವರನ್ನಲ್ಲ. ನಿಮ್ಮ ನೂರು ಬೈಟು ಒಳಗೆ ಕೂತ ಒಬ್ಬ ಮನುಷ್ಯ. ಅದರ ಸುತ್ತ ಪ್ಯಾಕೆಟ್‌ನ ವಿವರ ಇಟ್ಟುಕೊಳ್ಳುವ ಎಸ್‌ಕೆಬಿ ಎಂಬ ಸ್ಟ್ರಕ್ಚರ್ ಇದೆ, ಕೊನೆಯಲ್ಲಿ ಶೇರ್ಡ್ ಇನ್ಫೋ ಎಂಬ ಇನ್ನೊಂದು ಸ್ಟ್ರಕ್ಚರ್ ಇದೆ, ಹೆಡರ್‌ಗಳಿಗೆ ಬಿಟ್ಟ ಜಾಗ ಇದೆ. ಎಲ್ಲ ಸೇರಿ 64 ಬಿಟ್ ಮೆಷಿನ್‌ನಲ್ಲಿ ಒಂದು ಸಣ್ಣ ಮೆಸೇಜ್ ಸುಮಾರು 768 ಬೈಟ್ ಹಿಡಿಯುತ್ತದೆ.

ಇನ್ನೂ ನಂಬಿಕೆ ಬರಲಿಲ್ವಾ? ಬಹಳ ವರ್ಷ ಡೀಫಾಲ್ಟ್ ಆಗಿದ್ದ 212992 ಎಂಬ ಅಂಕಿಯನ್ನೇ ತಗೊಳ್ಳಿ. ಎಷ್ಟೋ ಜನ ಇದನ್ನು ಕಾಪಿ ಮಾಡಿಕೊಳ್ಳುತ್ತಾರೆ, ಎಲ್ಲಿಂದ ಬಂತು ಅಂತ ಯಾರೂ ಕೇಳುವುದಿಲ್ಲ. 256ರಿಂದ ಭಾಗಿಸಿ. 832 ಬರುತ್ತದೆ. ಆ 832ರಲ್ಲಿ ಡೇಟಾ 256 ಬೈಟ್, ಎಸ್‌ಕೆಬಿ 256, ಶೇರ್ಡ್ ಇನ್ಫೋ 320. ಅಂದರೆ ‘256 ಬೈಟಿನ ಪ್ಯಾಕೆಟ್ 256 ಇರಲಿ’ ಅಂತ ಲೆಕ್ಕ ಹಾಕಿ ಇಟ್ಟ ಮಿತಿ ಅದು. ಅದರಲ್ಲಿ ನಿಜವಾದ ಡೇಟಾ 65536 ಬೈಟ್ ಮಾತ್ರ. ಉಳಿದದ್ದೆಲ್ಲ ಗಾಡಿಯ ಮೈ. ಕ್ಲಾಸಿನಲ್ಲಿ ಈ ಭಾಗಾಕಾರ ಮಾಡಿಸಿದಾಗ ಒಂದು ನಿಮಿಷ ಯಾರೂ ಮಾತಾಡುವುದಿಲ್ಲ. ನನಗೆ ತುಂಬ ಖುಷಿ ಕೊಡುವ ನಿಮಿಷ ಅದು.

ಈಗ ನಿಮ್ಮ ಲೆಕ್ಕ. ನೀವು 64 ಕೆಬಿ ಕೇಳಿದಾಗ ಕರ್ನಲ್ ಅದನ್ನು ಎರಡರಷ್ಟು ಮಾಡಿ 131072 ಇಟ್ಟುಕೊಳ್ಳುತ್ತದೆ. ಆ ಹೆಚ್ಚಿನ ಅರ್ಧ ಇರುವುದು ಈ ಮೇಲುಖರ್ಚಿಗಾಗಿಯೇ. 131072ನ್ನು 768ರಿಂದ ಭಾಗಿಸಿದರೆ ಸುಮಾರು 170 ಮೆಸೇಜ್. ತಲಾ ನೂರು ಬೈಟ್ ಅಂದರೆ 17 ಸಾವಿರ. ನೀವು ನೋಡಿದ್ದೂ ಅದನ್ನೇ. ಸಣ್ಣ ಮೆಸೇಜ್‌ಗಳನ್ನು ಒಟ್ಟು ಮಾಡಿ ಒಂದೇ ಪ್ಯಾಕೆಟ್‌ನಲ್ಲಿ ಕಳಿಸಿ, ಜಾಸ್ತಿ ಹಿಡಿಯುತ್ತದೆ.

ನಿಜವಾದ ಬಗ್ ಇರುವಾಗ ಲಕ್ಷಣವೇ ಬೇರೆ. ಈಅಗೇನ್ ಬರುತ್ತದೆ, ಮತ್ತೆ ಹೋಗುವುದೇ ಇಲ್ಲ. ವೈರ್ ಖಾಲಿ, ಕ್ಯೂ ಖಾಲಿ, ಜಾಗಕ್ಕಾಗಿ ಕಾಯುವ ಪೋಲ್ ಎಂಬ ಕರೆ ಮಾತ್ರ ಎಂದೂ ಎಚ್ಚರಾಗುವುದಿಲ್ಲ. ಪಾರ್ಕಿಂಗ್ ಖಾಲಿಯಿದ್ದರೂ ಬೋರ್ಡ್ ಮೇಲೆ ‘ಫುಲ್’ ಅಂತ ಬಂದ ಹಾಗೆ.

ನಾನು ಮೊದಲು ಕೆಲಸ ಮಾಡುತ್ತಿದ್ದ ಕಡೆ ನಮ್ಮದೇ ಒಂದು ಪ್ರೊಟೊಕಾಲ್ ಮಾಡ್ಯೂಲ್ ಹೀಗೆ ಕೈಕೊಟ್ಟಿತ್ತು. ಲ್ಯಾಬಿನಲ್ಲಿ ಚೆನ್ನಾಗಿ ಓಡುತ್ತಿತ್ತು, ಹೊರಗೆ ಹೋದರೆ ಎರಡು ದಿನಕ್ಕೆ ನಿಂತುಬಿಡುತ್ತಿತ್ತು. ಕೊನೆಗೆ ಸಿಕ್ಕಿದ್ದು ಒಂದೇ ಸಾಲು. ಪ್ಯಾಕೆಟ್ ಕಳೆದುಹೋಗಿ ಮತ್ತೆ ಕಳಿಸುವಾಗ ಅದರ ಬಾಲ ಕತ್ತರಿಸಿ ಟ್ರೂಸೈಜ್‌ನಿಂದ 128 ಇಳಿಸುತ್ತಿದ್ದರು. ಒಳಗೆ ಬರುವಾಗ ಸೇರಿಸಿದ್ದು 832, ಹೊರಗೆ ಹೋಗುವಾಗ ಕಳೆದದ್ದು 704. ಪ್ರತಿ ಸಲ 128 ಬೈಟ್ ಲೆಕ್ಕದಲ್ಲೇ ಉಳಿಯುತ್ತಿತ್ತು. 212992 ತುಂಬಲು 1664 ಸಲ ಸಾಕು. ಲ್ಯಾಬಿನಲ್ಲಿ ಪ್ಯಾಕೆಟ್ ಕಳೆಯುವುದೇ ಇಲ್ಲ, ಹಾಗಾಗಿ ಅಲ್ಲಿ ಕಾಣಲೇ ಇಲ್ಲ.

ಸರಿಮಾಡುವಾಗ ಎಷ್ಟೋ ಜನ ಬಫರ್ ದೊಡ್ಡದು ಮಾಡುತ್ತಾರೆ. ಅದರಿಂದ ಎರಡು ದಿನ ಹೋಗಿ ನಾಲ್ಕು ದಿನ ಆಗುತ್ತದೆ, ಬಗ್ ಅಲ್ಲೇ ಇರುತ್ತದೆ. ಮಾಡಬೇಕಾದದ್ದು ಇದು: ಒಳಗೆ ಬರುವಾಗ ಎಷ್ಟು ಸೇರಿಸಿದಿರೋ ಅಷ್ಟನ್ನೇ ಕಳೆಯಿರಿ. ಮಾಲೀಕ ಸಾಕೆಟ್ ಇರುವ ಪ್ಯಾಕೆಟ್‌ನ ಟ್ರೂಸೈಜ್ ಮುಟ್ಟಬೇಡಿ. ಮುಟ್ಟಲೇಬೇಕು ಅಂದರೆ ಅದೇ ಜಾಗದಲ್ಲಿ ಸಾಕೆಟ್‌ನ ಲೆಕ್ಕವನ್ನೂ ತಿದ್ದಿ. ಕಳೆಯುವ ಕೆಲಸವನ್ನು ಕೋಡ್‌ನ ಹತ್ತು ಕಡೆ ಕೈಯಾರೆ ಬರೆಯಬೇಡಿ, ಎಸ್‌ಕೆಬಿಯನ್ನು ಬಿಡುವಾಗ ತಾನೇ ಓಡುವ ಡಿಸ್ಟ್ರಕ್ಟರ್ ಎಂಬ ಫಂಕ್ಷನ್‌ಗೆ ಬಿಡಿ. ರೂಟ್ ಸಿಗದೆ ಪ್ಯಾಕೆಟ್ ಬಿಸಾಡಿದರೂ ಅದು ಓಡುತ್ತದೆ. ಕಳೆದ ಮೇಲೆ ಕಾಯುತ್ತಿರುವವರನ್ನು ಎಬ್ಬಿಸಿ. ಈ ಎಬ್ಬಿಸುವುದನ್ನು ಮರೆಯುವವರು ಬಹಳ.

ಕಳಿಸಿದ್ದು ತಲುಪಿತೇ ಅಂತ ನೋಡಿಕೊಳ್ಳುವ ಟಿಸಿಪಿಯಲ್ಲಿ ಲೆಕ್ಕ ಕಳೆಯುವ ಹೊತ್ತೇ ಬೇರೆ. ಯುಡಿಪಿ ಪ್ಯಾಕೆಟ್ ಕಾರ್ಡ್‌ನಿಂದ ಹೊರಟು ಡ್ರೈವರ್ ಅದನ್ನು ಬಿಟ್ಟಾಗ ಲೆಕ್ಕ ಇಳಿಯುತ್ತದೆ. ಟಿಸಿಪಿ ಕಳಿಸುವುದು ಪ್ಯಾಕೆಟ್‌ನ ಪ್ರತಿಯನ್ನು. ಮೂಲವನ್ನು ಆಚೆ ಕಡೆಯಿಂದ ಆಕ್ (‘ತಲುಪಿತು’ ಎಂಬ ಉತ್ತರ) ಬರುವ ತನಕ ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ದೂರ ಜಾಸ್ತಿಯಾದಷ್ಟೂ ಬಫರ್ ಜಾಸ್ತಿ ಬೇಕು.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಬೆಂಗಳೂರಿನಿಂದ ಹೋಗಿ ಬರಲು 200 ಮಿಲಿಸೆಕೆಂಡ್ ಹಿಡಿಯುವ ಸರ್ವರ್‌ಗೆ 100 ಎಂಬಿಪಿಎಸ್ ತುಂಬಾ ಕಳಿಸಬೇಕಾದರೆ 25 ಲಕ್ಷ ಬೈಟ್ ದಾರಿಯಲ್ಲೇ ಇರಬೇಕು. ‘ವೇಗ ಬರಲಿ’ ಅಂತ ನೀವು ಟಿಸಿಪಿ ಸಾಕೆಟ್‌ಗೆ 4 ಎಂಬಿ ಬಫರ್ ಕೇಳುತ್ತೀರಿ. ಹಾಗೆ ಕೇಳಬಹುದಾದ ಗರಿಷ್ಠ ಮಿತಿ 212992 ಇದ್ದರೆ ಕರ್ನಲ್ ಎರರ್ ಕೊಡುವುದಿಲ್ಲ. ಸುಮ್ನೆ ಅಷ್ಟಕ್ಕೇ ಕತ್ತರಿಸಿ, ಎರಡರಷ್ಟು ಮಾಡಿ 425984 ಇಡುತ್ತದೆ. ಅದರಿಂದ ಸಿಗುವುದು ಹೆಚ್ಚೆಂದರೆ 17 ಎಂಬಿಪಿಎಸ್. ಅದೂ ಅಲ್ಲದೆ, ನೀವು ಕೈ ಹಾಕಿದ ತಕ್ಷಣ ಕರ್ನಲ್ ತಾನೇ ಬಫರ್ ಬೆಳೆಸುವುದನ್ನು ನಿಲ್ಲಿಸುತ್ತದೆ. ಸುಮ್ಮನೆ ಬಿಟ್ಟಿದ್ದರೆ ಡೀಫಾಲ್ಟ್‌ನಲ್ಲೇ 4 ಎಂಬಿ ತನಕ ಬೆಳೆಸುತ್ತಿತ್ತು. ಬಫರ್ ಕೇಳುವ ಆ ಒಂದು ಸಾಲು ತೆಗೆದುಹಾಕಿ, ‘ಎಸ್‌ಎಸ್ -ಟಿಎಂ’ ಕಮಾಂಡ್ ಓಡಿಸಿ. ಡೇಟಾ ಹೋಗುತ್ತಿರುವಾಗಲೇ ‘ಟಿಬಿ’ (ಸೆಂಡ್ ಬಫರ್‌ನ ಮಿತಿ) ಪಕ್ಕದ ಅಂಕಿ ಮೇಲೇರುವುದು ಕಾಣುತ್ತದೆ.