ಕುಕ್ಕರ್ ಒಳಗಿನ ಕಪ್ಪು ಎಲ್ಲಿ ಹೋಯಿತು?

ಪ್ರಶ್ನೆ: ನಮ್ಮ ಅಲ್ಯೂಮಿನಿಯಂ ಕುಕ್ಕರ್ ಒಳಗೆಲ್ಲ ಕಪ್ಪಾಗಿತ್ತು. ಎಷ್ಟು ಉಜ್ಜಿದರೂ ಹೋಗಿರಲಿಲ್ಲ. ಮೊನ್ನೆ ಅದರಲ್ಲೇ ಟೊಮೆಟೊ ಸಾರು ಕುದಿಸಿದೆ. ತೊಳೆದು ನೋಡಿದರೆ ಹೊಸದರ ಹಾಗೆ ಹೊಳೀತಿತ್ತು. ಮೊದಲು ಖುಷಿಯಾಯಿತು, ಆಮೇಲೆ ಭಯ. ಆ ಕಪ್ಪೆಲ್ಲ ಎಲ್ಲಿ ಹೋಯಿತು?

ನಿಮ್ಮ ಅನುಮಾನ ಸರಿ. ಸಾರಿಗೇ ಹೋಯಿತು. ಗಾಬರಿ ಬೇಡ, ಒಂದು ದಿನದ ಸಾರಿನಿಂದ ಏನೂ ಆಗುವುದಿಲ್ಲ. ಆದರೆ ಆ ಕಪ್ಪು ಯಾಕೆ ಬಂತು, ಯಾಕೆ ಹೋಯಿತು ಅಂತ ತಿಳಿದರೆ ಈ ಲೋಹದ ಅರ್ಧ ಗುಟ್ಟು ಸಿಕ್ಕ ಹಾಗೆ.

ಅಲ್ಯೂಮಿನಿಯಂ ತುಕ್ಕು ಹಿಡಿಯಲ್ಲ ಅಂತೀವಿ. ನಿಜದಲ್ಲಿ ಅದು ಕಬ್ಬಿಣಕ್ಕಿಂತ ಆತುರದ ಲೋಹ. ಹಳೇ ಪಾತ್ರೆಯ ಮೇಲೆ ಚಾಕುವಿನಿಂದ ಗೀರಿ ನೋಡಿ, ಬೆಳ್ಳಗೆ ಮಿನುಗುವ ಗೆರೆ ಬೀಳುತ್ತದೆ. ನೀವು ಕಣ್ಣು ಮಿಟುಕಿಸುವಷ್ಟರಲ್ಲಿ ಗಾಳಿಯ ಆಮ್ಲಜನಕ ಸೇರಿ ಅದರ ಮೇಲೆ ಆಕ್ಸೈಡ್ ಪದರ ಕಟ್ಟಿರುತ್ತದೆ. ಒಂದು ಮಿಲಿಮೀಟರನ್ನು 10 ಲಕ್ಷ ಭಾಗ ಮಾಡಿದರೆ ಅದರಲ್ಲಿ ಮೂರ್ನಾಲ್ಕು ಭಾಗ, ಅಷ್ಟೇ ಅದರ ದಪ್ಪ. ಕಬ್ಬಿಣದ ತುಕ್ಕು ಉದುರಿ ಉದುರಿ ಒಳಗಿನ ಕಬ್ಬಿಣವನ್ನು ಬಯಲು ಮಾಡುತ್ತದೆ. ಇದು ಉದುರುವುದಿಲ್ಲ, ಬಿಗಿಯಾಗಿ ಅಂಟಿಕೊಂಡು ಕೂರುತ್ತದೆ. ಸ್ಲೈಡಿಂಗ್ ಕಿಟಕಿಯ ಚೌಕಟ್ಟು ವರ್ಷಗಟ್ಟಲೆ ಮಳೆಗೆ ನೆಂದರೂ ಏನೂ ಆಗದಿರುವುದಕ್ಕೆ ಈ ಪದರವೇ ಕಾರಣ. (ವಿಮಾನದಲ್ಲಿ ಪಾದರಸ ಒಯ್ಯಲು ಅಷ್ಟು ಕಟ್ಟುನಿಟ್ಟು ಯಾಕೆ ಗೊತ್ತಾ? ಹೆಚ್ಚಿನ ವಿಮಾನಗಳ ಮೈ ಅಲ್ಯೂಮಿನಿಯಂನದೇ. ಪದರದ ಗೀರಿನೊಳಗೆ ಪಾದರಸ ಇಳಿದರೆ ಪದರ ಮತ್ತೆ ಕೂಡಿಕೊಳ್ಳುವುದಿಲ್ಲ, ಲೋಹ ಪುಡಿಯಾಗುತ್ತಾ ಹೋಗುತ್ತದೆ.)

ಈ ಪದರಕ್ಕೆ ಅಡುಗೆಮನೆಯಲ್ಲಿ ಇಬ್ಬರು ಶತ್ರುಗಳು. ಒಂದು ಕ್ಷಾರ, ಇನ್ನೊಂದು ಹುಳಿ. ಪಿಎಚ್ ಅಂದರೆ ಹುಳಿ-ಕ್ಷಾರ ಅಳೆಯುವ ಅಂಕಿ: 7 ನಡುಮಧ್ಯ, ಕೆಳಗಿಳಿದರೆ ಹುಳಿ, ಮೇಲೇರಿದರೆ ಕ್ಷಾರ. ಈ ಲೆಕ್ಕದಲ್ಲಿ ಸುಮಾರು 4ರಿಂದ 8.5ರ ಒಳಗೆ ಪದರ ಗಟ್ಟಿ. ಅತ್ತ ಇತ್ತ ಜಾರಿದರೆ ಕರಗತೊಡಗುತ್ತದೆ.

ಮೊದಲು ಕ್ಷಾರ. ಬೋರ್‌ವೆಲ್ ನೀರಿನಲ್ಲಿ ಬೈಕಾರ್ಬೊನೇಟ್ ಇರುತ್ತದೆ. ನೀರು ಕುದಿದ ಹಾಗೆ ಅದರ ಕ್ಷಾರ ಜಾಸ್ತಿಯಾಗುತ್ತದೆ. ಬಿಸಿಗೂ ಇಂಥ ಸೌಮ್ಯ ಕ್ಷಾರಕ್ಕೂ ಸಿಕ್ಕಿದ ಪದರ ಪೂರ್ತಿ ಕರಗಿ ಹೋಗದೆ ಬೇರೆ ರೂಪದಲ್ಲಿ ದಪ್ಪಗಾಗುತ್ತದೆ, ನೀರಿನಲ್ಲಿರುವ ಕಬ್ಬಿಣದಂಥ ಅಂಶಗಳನ್ನೂ ಹಿಡಿದುಕೊಳ್ಳುತ್ತದೆ. ನೀವು ಕಂಡ ಕಪ್ಪು ಇದೇ. ಕೊಳೆಯಲ್ಲ, ಅದಕ್ಕೇ ಉಜ್ಜಿದರೆ ಹೋಗಲಿಲ್ಲ. ಟೊಮೆಟೊದ ಹುಳಿ ಅದನ್ನು ಕರಗಿಸಿತು.

ನಮ್ಮಮ್ಮನಿಗೆ ಪಿಎಚ್ ಗೊತ್ತಿರಲಿಲ್ಲ. ಆದರೆ ಇಡ್ಲಿ ಪಾತ್ರೆಯ ತಳದ ನೀರಿಗೆ ಹಿಂಡಿ ಉಳಿದ ನಿಂಬೆಹೋಳನ್ನು ತಪ್ಪದೆ ಹಾಕುತ್ತಿದ್ದರು. ಪಾತ್ರೆ ಕಪ್ಪಾಗುತ್ತಿರಲಿಲ್ಲ. ಆ ನೀರು ಯಾರ ಹೊಟ್ಟೆಗೂ ಹೋಗುವುದಿಲ್ಲವಲ್ಲ, ಎಂಥ ಲೆಕ್ಕಾಚಾರ ನೋಡಿ! ಕುಕ್ಕರ್ ಒಳಗೆ ಬೇರೆ ಪಾತ್ರೆ ಇಟ್ಟು ಬೇಯಿಸುವವರೂ ಹೀಗೇ ಮಾಡಬಹುದು.

ಕ್ಷಾರದ ಶಕ್ತಿ ದೊಡ್ಡದಾಗಿ ಕಾಣಬೇಕಂದರೆ ಬೆಳಗಾವಿಗೆ ಹೋಗಬೇಕು. ಅಲ್ಲಿನ ಕಾರ್ಖಾನೆಯಲ್ಲಿ ಬಾಕ್ಸೈಟ್ ಅದಿರಿನಿಂದ ಅಲ್ಯೂಮಿನಾ ಅನ್ನೋ ಬಿಳಿ ಪುಡಿ ತೆಗೆಯುತ್ತಾರೆ. ತೆಗೆಯುವುದು ಬಿಸಿ ಕಾಸ್ಟಿಕ್ ಸೋಡಾದಲ್ಲಿ ಅದಿರನ್ನು ಕರಗಿಸಿ. ಅಲ್ಯೂಮಿನಾ ಅಂದರೂ ಅಲ್ಯೂಮಿನಿಯಂ ಆಕ್ಸೈಡೇ, ನಿಮ್ಮ ಪಾತ್ರೆಯ ಪದರದ ಬಳಗ. ಹಾಗಾಗಿ ವಾಷಿಂಗ್ ಸೋಡಾ, ಬೂದಿ ಹಾಕಿ ಅಲ್ಯೂಮಿನಿಯಂ ತೊಳೆಯಬೇಡಿ.

ಇಷ್ಟೆಲ್ಲ ರಗಳೆ ಇದ್ದರೂ ಇದನ್ನು ಯಾಕೆ ಬಳಸುತ್ತೇವೆ? ಸ್ಟೇನ್‌ಲೆಸ್ ಸ್ಟೀಲಿಗಿಂತ ಸುಮಾರು 15 ಪಟ್ಟು ಚೆನ್ನಾಗಿ ಶಾಖ ಹರಿಸುತ್ತದೆ, ತಳ ಒಂದೇ ಕಡೆ ಹತ್ತುವುದು ಕಡಿಮೆ. ತೂಕ ಕಬ್ಬಿಣದ ಮೂರನೇ ಒಂದು ಭಾಗ. ಕರೆಂಟ್ ಕಂಬದ ತಂತಿಯೂ ಇದೇ ಲೋಹ: ವಿದ್ಯುತ್ ಹರಿಸುವುದು ತಾಮ್ರದ ಸುಮಾರು 60% ಮಾತ್ರ, ಆದರೆ ತೂಕ ತಾಮ್ರದ ಮೂರನೇ ಒಂದಕ್ಕಿಂತ ಕಡಿಮೆ. ಬೆಲೆಯೂ ಅಗ್ಗ.

ಇನ್ನು ಆರೋಗ್ಯದ ಮಾತು. ಆಹಾರ ತಜ್ಞರ ಅಂತರರಾಷ್ಟ್ರೀಯ ಸಮಿತಿ 2011ರಲ್ಲಿ ಹೊಟ್ಟೆಗೆ ಹೋಗುವ ಅಲ್ಯೂಮಿನಿಯಂಗೆ ಹಾಕಿದ ಮಿತಿ ವಾರಕ್ಕೆ ಪ್ರತಿ ಕಿಲೋ ದೇಹತೂಕಕ್ಕೆ 2 ಮಿಲಿಗ್ರಾಂ. 60 ಕಿಲೋ ತೂಗುವವರಿಗೆ 120 ಮಿಲಿಗ್ರಾಂ ಆಯಿತು. ನುಂಗಿದ್ದರಲ್ಲಿ ರಕ್ತಕ್ಕೆ ಸೇರುವುದು ಸಾಮಾನ್ಯವಾಗಿ 1%ಗಿಂತ ಕಡಿಮೆ, ಅದನ್ನೂ ಕಿಡ್ನಿ ಹೊರಹಾಕುತ್ತದೆ. ಕಿಡ್ನಿ ತೊಂದರೆ ಇರುವವರು ಮಾತ್ರ ನಿಜಕ್ಕೂ ಎಚ್ಚರ ವಹಿಸಬೇಕು. ಅಲ್ಯೂಮಿನಿಯಂ ಪಾತ್ರೆಯಿಂದ ಮರೆವಿನ ಕಾಯಿಲೆ ಬರುತ್ತದೆ ಅನ್ನೋ ವಾಟ್ಸಾಪ್ ಮೆಸೇಜ್ ಇದೆಯಲ್ಲ, ಅದಕ್ಕೆ ಪುರಾವೆ ಸಿಕ್ಕಿಲ್ಲ.

ನನ್ನ ಮಟ್ಟಿಗೆ ರೂಢಿ ಹೀಗಿದೆ: ಅನ್ನ, ಮುದ್ದೆ, ಬೇಳೆ ಬೇಯಿಸಲು ಅಲ್ಯೂಮಿನಿಯಂ. ಹುಣಸೆ, ಟೊಮೆಟೊ, ಮೊಸರು ಬೀಳುವ ಹೊತ್ತಿಗೆ ಸ್ಟೀಲ್ ಪಾತ್ರೆ. ಉಪ್ಪಿನಕಾಯಿ, ಉಪ್ಪು ಹಾಕಿದ ಮಜ್ಜಿಗೆ ರಾತ್ರಿಯಿಡೀ ಇಟ್ಟರೆ ಸಣ್ಣ ಸಣ್ಣ ಗುಳಿ ಬೀಳುತ್ತವೆ, ಇಡಬೇಡಿ. ಹೊಸದು ಕೊಳ್ಳುವುದಾದರೆ ಹಾರ್ಡ್ ಅನೊಡೈಸ್ಡ್ ನೋಡಿ. ಇದೇ ಪದರವನ್ನು ಕರೆಂಟ್ ಹಾಯಿಸಿ ಸಾವಿರಾರು ಪಟ್ಟು ದಪ್ಪ ಮಾಡಿರುತ್ತಾರೆ, ಹುಳಿಗೆ ಜಾಸ್ತಿ ತಡೆಯುತ್ತದೆ.

ನಿಮ್ಮ ಕುಕ್ಕರ್ ಕೆಲವೇ ದಿನದಲ್ಲಿ ಮತ್ತೆ ಕಪ್ಪಾಗುತ್ತದೆ. ಹೊಳೆಯಲೇಬೇಕು ಅನ್ನಿಸಿದರೆ ಒಂದು ಚಿಟಿಕೆ ಹುಣಸೆಹಣ್ಣು ಹಾಕಿ ಹತ್ತು ನಿಮಿಷ ನೀರು ಕುದಿಸಿ. ಕುದಿಸಿದ ನೀರನ್ನು ಮಾತ್ರ ಬಚ್ಚಲಿಗೆ ಚೆಲ್ಲಿ.