ಬೂಟಿನ ತೂಕ ಒದ್ದೆಯಾದ ಮೇಲೆ ನೋಡಿ

ಗಾಳ ಹಿಡಿದು ಹೊಳೆಗೆ ಇಳಿಯಲು ಬೂಟು ಕೊಳ್ಳುವವರ ಮೊದಲ ಪ್ರಶ್ನೆ, 'ತೂಕ ಎಷ್ಟು?' ಕೇಳಬೇಕಾದ್ದೇ. ಬೆನ್ನ ಮೇಲಿನ ಒಂದು ಕಿಲೋಗಿಂತ ಕಾಲಲ್ಲಿರುವ ಒಂದು ಕಿಲೋ ಎಷ್ಟೋ ಜಾಸ್ತಿ ಸುಸ್ತು ಮಾಡುತ್ತದೆ. ಆದರೆ ಡಬ್ಬಿಯ ಮೇಲೆ ಬರೆದಿರುವುದು ಒಣ ಬೂಟಿನ ತೂಕ. ಕೊಡಗಿನ ದಾರಿಯಲ್ಲಿ ಬೂಟು ಒಣಗಿರುವುದು ಜೀಪು ಇಳಿದು ಮೊದಲ ತೋಡು ದಾಟುವ ತನಕ, ಅಷ್ಟೇ.

ಕೊಳ್ಳುವ ಮುಂಚೆ ಅಂಥದೇ ಬೂಟು ಇರುವ ಗೆಳೆಯರಿದ್ದರೆ ಕೇಳಿ ತನ್ನಿ. ರಾತ್ರಿ ಬಕೆಟ್ ನೀರಲ್ಲಿ ಮುಳುಗಿಸಿಡಿ. ಬೆಳಿಗ್ಗೆ ಎತ್ತಿ, ಐದು ನಿಮಿಷ ಸೋರಲು ಬಿಟ್ಟು, ಮನೆಯಲ್ಲಿ ಮೆಣಸು ತೂಗುವ ತಕ್ಕಡಿಗೆ ಹಾಕಿ. ಚರ್ಮ ಮತ್ತು ದಪ್ಪ ಸ್ಪಂಜು ನೀರು ಹಿಡಿದಿಟ್ಟುಕೊಳ್ಳುತ್ತವೆ. ಸಿಂಥೆಟಿಕ್ ಬಟ್ಟೆ ಬೇಗ ಬಿಡುತ್ತದೆ. ಅಂಗಡಿಯಲ್ಲಾದರೆ ಅಟ್ಟೆಯ ಮೇಲಂಚಿನಲ್ಲಿ ನೀರು ಹೋಗುವ ತೂತು ಇದೆಯಾ, ಅದಕ್ಕೆ ಜಾಲರಿ ಇದೆಯಾ ನೋಡಿ. ಜಾಲರಿ ಇಲ್ಲದಿದ್ದರೆ ನೀರು ಹೊರಗೆ, ಮರಳು ಒಳಗೆ.

ಅಟ್ಟೆಯ ವಿಷಯದಲ್ಲಿ ನನ್ನದು ಹಟ. ಫೆಲ್ಟ್ ಅಟ್ಟೆ, ಅಂದರೆ ನಾರು ಒತ್ತಿ ಮಾಡಿದ ದಪ್ಪ ಬಟ್ಟೆಯ ಅಟ್ಟೆ, ಪಾಚಿ ಹಿಡಿದ ಬಂಡೆಯ ಮೇಲೆ ಚೆನ್ನಾಗಿ ಕಚ್ಚುತ್ತದೆ, ನಿಜ. ಆದರೆ ತೋಟದ ಇಳಿಜಾರಿನ ಕೆಸರು, ಒದ್ದೆ ಹುಲ್ಲು, ಕೊಳೆತ ಎಲೆಯ ಮೇಲೆ ಸುಮ್ನೆ ಜಾರಿಸುತ್ತದೆ. ಒಣಗುವುದೂ ನಿಧಾನ. ಒಂದು ಹೊಳೆಯ ಪಾಚಿ, ರೋಗಾಣುಗಳನ್ನು ಇನ್ನೊಂದಕ್ಕೆ ಹೊತ್ತೊಯ್ಯುತ್ತದೆ ಅಂತಲೇ ನ್ಯೂಜಿಲೆಂಡ್ 2008ರಲ್ಲಿ ಅದನ್ನು ನಿಷೇಧಿಸಿತು. ನಮ್ಮ ಕಡೆ ಹೊಳೆಯಲ್ಲಿ ನಿಲ್ಲುವುದಕ್ಕಿಂತ ಅಲ್ಲಿಗೆ ಹತ್ತಿ ಇಳಿಯುವುದೇ ಜಾಸ್ತಿ ಅಲ್ವಾ? ಮೆತ್ತನೆಯ ರಬ್ಬರ್ ಅಟ್ಟೆ ತಗೊಳ್ಳಿ, ಅಂಚಿಗೆ ನಾಲ್ಕಾರು ಲೋಹದ ಮೊಳೆ ಹಾಕಿಸಿ. ಸವೆದಾಗ ಬಿಚ್ಚಿ ಬೇರೆ ಹಾಕುವಂತಿರಲಿ.

'ತೋಟದ ಗಮ್‌ಬೂಟು ಸಾಲದಾ?' ಅಂತ ಕೇಳುವವರಿದ್ದಾರೆ. ಕಾಫಿ ಕೊಯ್ಲಿಗೆ ಸಾಕು. ಹೊಳೆಯಲ್ಲಿ ಮಾತ್ರ ಬೇಡ. ಮೇಲಿಂದ ನೀರು ತುಂಬಿತೆಂದರೆ ಕಾಲೆತ್ತಲು ಆಗುವುದಿಲ್ಲ.

ಅಳತೆ ನೋಡುವಾಗ ಜಿಗಣೆ ಕಾಲುಚೀಲ ಹಾಕಿಕೊಂಡೇ ನೋಡಿ. ಮಳೆಗಾಲ ಮುಗಿದ ಮೇಲೂ ಅದು ಬೇಕಾಗುತ್ತದೆ. ಇನ್ನು ಬೂಟು ಎಷ್ಟೇ ಚೆನ್ನಾಗಿರಲಿ, ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಅಭಯಾರಣ್ಯಗಳ ಒಳಗೆ ಗಾಳ ಹಾಕುವಂತಿಲ್ಲ.

ಕೊನೆಗೆ, ಅಂಗಡಿಯವರು ಹೇಳದ ಒಂದು ಮಾತು. ಅಟ್ಟೆಯ ನಡುವಿನ ಮೆತ್ತನೆ ಪದರ ಪಾಲಿಯುರಿಥೇನ್ ಎಂಬ ಪ್ಲಾಸ್ಟಿಕ್ ಫೋಮ್ ಆಗಿದ್ದರೆ ತೇವದ ಗಾಳಿಗೆ ವರ್ಷಗಳಲ್ಲಿ ತಾನಾಗಿಯೇ ಪುಡಿಯಾಗುತ್ತದೆ, ಮೂಲೆಯಲ್ಲಿ ಇಟ್ಟಿದ್ದರೂ ಸರಿ. ನಮ್ಮ ಮಳೆಗಾಲ ಗೊತ್ತಲ್ಲ. ಇವಿಎ ಎಂಬ ಇನ್ನೊಂದು ಬಗೆಯ ಫೋಮ್ ಪದರಕ್ಕೆ ಈ ಕಾಟವಿಲ್ಲ, ಹಗುರವೂ ಹೌದು. ಯಾವುದೇ ಇರಲಿ, ಒಲೆ ಪಕ್ಕ ಒಣಗಿಸಬೇಡಿ, ಅಂಟು ಬಿಡುತ್ತದೆ. ಮಳೆ ನಿಂತ ಮೇಲೆ ಹೊರತೆಗೆದಾಗ ಎರಡೂ ಕೈಯಲ್ಲಿ ಹಿಡಿದು ಅಟ್ಟೆಯನ್ನು ಬಗ್ಗಿಸಿ ನೋಡಿ. ಬಿರುಕಿನಿಂದ ಪುಡಿ ಉದುರಿದರೆ ಅದನ್ನು ಹಾಕಿಕೊಂಡು ಕಾಡಿಗೆ ಹೋಗಬೇಡಿ. ಅಂಟಿಸಿದರೂ ನಿಲ್ಲುವುದಿಲ್ಲ.